ಭಾರಿ ಹಡಗುಗಳ ಪ್ರವಾಸವನ್ನು ಏಕೆ ನಿಲ್ಲಿಸುತ್ತಿದ್ದೇವೆ: ನಮ್ಮ ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕ ಬಂಧುಗಳೇ,

ಶಿವಮೊಗ್ಗದ ದುರ್ಗಿಗುಡಿ ಕಚೇರಿಯಿಂದ ನಮಸ್ಕಾರಗಳು. ಅಡಿಕೆ ಕೊಯ್ಲು ಮುಗಿಸಿ, ಒಣಗಿದ್ದನ್ನು ಮಂಡಿಗೆ ಹಾಕಿ, ‘ಈ ಸಲ ಎಲ್ಲಿಗೆ ಕಳಿಸುತ್ತೀರಿ?’ ಎಂದು ನೀವು ಫೋನ್ ಮಾಡುವ ಸಮಯ ಹತ್ತಿರವಾಗಿದೆ. ಅದಕ್ಕೆ ಮೊದಲೇ ಒಂದು ವಿಷಯವನ್ನು ತಿಳಿಸಬೇಕು.

ಮುಂದಿನ ಹಂಗಾಮಿನಿಂದ ಭಾರಿ ಹಡಗುಗಳ ಗುಂಪು ಪ್ರವಾಸವನ್ನು ನಾವು ನಿಲ್ಲಿಸುತ್ತಿದ್ದೇವೆ. ಇನ್ನು ಮುಂದೆ ಸಾವಿರಕ್ಕಿಂತ ಕಡಿಮೆ ಪ್ರಯಾಣಿಕರನ್ನು ಒಯ್ಯುವ ಹಡಗುಗಳಲ್ಲಿ ಮಾತ್ರ ಕಳಿಸುತ್ತೇವೆ. ವರ್ಷಕ್ಕೆ ನಾಲ್ಕು ತಂಡಗಳಿದ್ದಲ್ಲಿ ಎರಡೇ ಇರುತ್ತವೆ, ತಂಡದಲ್ಲಿ ನಲವತ್ತು ಜನರಿದ್ದಲ್ಲಿ ಹದಿನಾರು ಜನ. ಖರ್ಚು ತಲೆಗೆ ಹೆಚ್ಚುಕಡಿಮೆ ಒಂದೂವರೆ ಪಟ್ಟಾಗುತ್ತದೆ. ಹಣದ ಮಾತನ್ನು ಕೊನೆಯ ಸಾಲಿಗೆ ತಳ್ಳುವುದು ನಮಗೆ ಸರಿ ಕಾಣಲಿಲ್ಲ, ಹಾಗಾಗಿ ಮೊದಲೇ ಹೇಳಿದ್ದೇನೆ. ಕಾರಣವನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಎರಡು ವರ್ಷದ ಹಿಂದೆ ನಮ್ಮ ತಂಡ ಗ್ರೀಸಿನ ಸ್ಯಾಂಟೊರಿನಿಗೆ ಹೋಗಿತ್ತು. ಅಲ್ಲಿ ದೊಡ್ಡ ಹಡಗು ದಡಕ್ಕೆ ತಾಗುವುದಿಲ್ಲ. ನಡುನೀರಿನಲ್ಲಿ ನಿಲ್ಲುತ್ತದೆ, ಜನರನ್ನು ಸಣ್ಣ ದೋಣಿಗಳಲ್ಲಿ ಇಳಿಸುತ್ತಾರೆ. ಇಳಿದ ಜಾಗದಿಂದ ಊರು ಕಡಿದಾದ ಗುಡ್ಡದ ನೆತ್ತಿಯ ಮೇಲಿದೆ. ಹತ್ತಲು 588 ಮೆಟ್ಟಿಲು, ಇಲ್ಲವೆ ಕತ್ತೆ, ಇಲ್ಲವೆ ಕೇಬಲ್ ಕಾರ್. ನಮ್ಮವರಿಗೆ ದೋಣಿಯ ಸರದಿ ಬಂದಾಗ ಮಧ್ಯಾಹ್ನವಾಗಿತ್ತು. ಕೇಬಲ್ ಕಾರಿನ ಬುಡದಲ್ಲಿ ಮತ್ತೊಂದು ಸಾಲು. ತೀರ್ಥಹಳ್ಳಿ ಕಡೆಯ ನಿವೃತ್ತ ಮೇಷ್ಟ್ರೊಬ್ಬರು, ಎಪ್ಪತ್ತು ದಾಟಿದವರು, ಅಂಗಿಗೆ ಅಂಟಿಸಿದ ಸರದಿ ಚೀಟಿಯನ್ನು ಬೆರಳಿನಲ್ಲಿ ಒತ್ತಿ ಹಿಡಿದುಕೊಂಡು ಬಿಸಿಲಿನಲ್ಲಿ ನಿಂತಿದ್ದರು. ಮೇಲೆ ಅವರಿಗೆ ಸಿಕ್ಕಿದ್ದು ನಲವತ್ತು ನಿಮಿಷ. ಮರಳುವಾಗ ದೋಣಿಯಲ್ಲಿ ನನ್ನನ್ನು ಕೇಳಿದರು: “ನಾವು ಊರು ನೋಡಲು ಬಂದದ್ದೋ, ಸಾಲು ನಿಲ್ಲಲು ಬಂದದ್ದೋ ಮಾರಾಯರೇ?” ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. ಆ ಮಾತು ನನ್ನನ್ನು ಬಿಟ್ಟಿಲ್ಲ. ಆ ಪ್ರವಾಸವನ್ನು ಮಾರಿದವನು ನಾನೇ.

ಹೊಳೆಬಾಗಿಲಿನ ಲಾಂಚ್ ನಿಮಗೆಲ್ಲ ನೆನಪಿದೆ. ಸಿಗಂದೂರಿಗೆ ಹೋಗುವ ಬಸ್ಸು, ಜೀಪು, ಜನ ಎಲ್ಲವೂ ಶರಾವತಿಯ ಹಿನ್ನೀರನ್ನು ಅದರ ಮೇಲೆಯೇ ದಾಟಬೇಕಿತ್ತು. ವಾರದ ದಿನ ಹೋದರೆ ಸುಖ. ಜಾತ್ರೆಯ ಹೊತ್ತಿಗೆ ಹೋದರೆ ಲಾಂಚ್ ಅದೇ, ನೀರೂ ಅದೇ, ಕಾಯುವುದು ಮಾತ್ರ ತಾಸುಗಟ್ಟಲೆ. 2025ರ ಜುಲೈಯಲ್ಲಿ ಸೇತುವೆ ತೆರೆದ ಮೇಲೆ ನಮಗೆ ಆ ಕಾಯುವಿಕೆ ತಪ್ಪಿತು. ಸಮುದ್ರದಲ್ಲಿ ಹಾಗೆ ಸೇತುವೆ ಕಟ್ಟಲಾಗದು. ಲಾಂಚಿಗೆ ಬರುವ ಜನ ಕಡಿಮೆಯಾಗಬೇಕು, ಅಷ್ಟೆ.

ಹಾಗೆಂದು ಚಿಕ್ಕ ಹಡಗಿನಲ್ಲಿ ಜಾಗ ಹೆಚ್ಚು ಎಂದು ಯಾರೂ ಎಣಿಸಬೇಡಿ. ಜಾಹೀರಾತುಗಳು ಹಾಗೆ ಹೇಳಬಹುದು. ಲೆಕ್ಕ ಹಾಕಿದರೆ ಬೇರೆಯೇ ಕಾಣುತ್ತದೆ. 2024ರ ಜನವರಿಯಲ್ಲಿ ಹೊರಟ ‘ಐಕಾನ್ ಆಫ್ ದಿ ಸೀಸ್’ 2,48,663 ಗ್ರಾಸ್ ಟನ್ನಿನ ಹಡಗು. ಈ ಟನ್ ತೂಕದ ಅಳತೆಯಲ್ಲ, ಹಡಗಿನ ಒಳಾವರಣದ ಅಳತೆ. ಕೋಣೆಗೆ ಇಬ್ಬರಂತೆ ಅದರಲ್ಲಿ 5,610 ಜನ. ಭಾಗಿಸಿದರೆ ತಲೆಗೆ 44. ಅಝಮಾರಾ ಸಂಸ್ಥೆಯ ಚಿಕ್ಕ ಹಡಗು 30,277 ಟನ್, ಸುಮಾರು 700 ಜನ. ತಲೆಗೆ 43. ಎರಡರಲ್ಲೂ ಒಬ್ಬೊಬ್ಬರಿಗೆ ಸಿಗುವ ಜಾಗ ಒಂದೇ. ಬೇರೆಯಾಗಿರುವುದು ಮೆಟ್ಟಿಲಿಳಿಯಲು ನಿಮ್ಮ ಮುಂದೆ ನಿಂತವರ ಸಂಖ್ಯೆ, ಮತ್ತು ಹಡಗು ಎಲ್ಲಿಯವರೆಗೆ ಹೋಗಬಲ್ಲದು ಎಂಬುದು.

ಈ ಎರಡನೆಯ ಮಾತಿಗೆ ಬೋರ್ಡೋ ಊರಿನ ಉದಾಹರಣೆ ಕೊಡುತ್ತೇನೆ. ಹೌದು, ಮಳೆಗಾಲದಲ್ಲಿ ನಾವೆಲ್ಲ ಅಡಿಕೆ ಕೊನೆಗೆ ಹೊಡೆಸುವ ಬೋರ್ಡೋ ದ್ರಾವಣದ ಊರು. ಫ್ರಾನ್ಸಿನ ಆ ಭಾಗದಲ್ಲಿ ದಾರಿಹೋಕರು ದ್ರಾಕ್ಷಿ ಕೀಳದಿರಲೆಂದು ರಸ್ತೆಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣ ಚಿಮುಕಿಸುತ್ತಿದ್ದರು. ಆ ಬಳ್ಳಿಗಳಿಗೆ ಬೂಜುರೋಗ ತಗಲಿರಲಿಲ್ಲ. ಅದನ್ನು ಗಮನಿಸಿದ ಸಸ್ಯವಿಜ್ಞಾನಿ ಮಿಲಾರ್ಡೆ ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದರು. ಮುಂದೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ನಮ್ಮ ಕೊಳೆರೋಗವನ್ನು ಅಧ್ಯಯನ ಮಾಡಿ ಅದೇ ದ್ರಾವಣವನ್ನು ಮಲೆನಾಡಿನ ತೋಟಗಳಲ್ಲಿ ಬಳಕೆಗೆ ತಂದರು. ಜೂನ್ ಬಂದರೆ ಡ್ರಮ್ಮಿನಲ್ಲಿ ನೀಲಿ ನೀರು ಕಲಸುವ ನಮ್ಮ ಕೈಗಳಿಗೂ ಆ ಊರಿಗೂ ಇಷ್ಟು ಹಳೆಯ ನಂಟಿದೆ.

ಬೋರ್ಡೋ ಇರುವುದು ಸಮುದ್ರದ ದಡದಲ್ಲಲ್ಲ, ಗರೋನ್ ನದಿಯ ದಡದಲ್ಲಿ. ಭಾರಿ ಹಡಗುಗಳು ನದಿಯ ಬಾಯಿಯಲ್ಲಿರುವ ಲೆ ವೆರ್ಡೋನಿನಲ್ಲೇ ನಿಂತುಬಿಡುತ್ತವೆ. ಅಲ್ಲಿಂದ ಊರಿಗೆ ಸುಮಾರು ನೂರು ಕಿಲೋಮೀಟರ್ ಬಸ್ಸು, ಮರಳಲು ಮತ್ತೆ ನೂರು. ಚಿಕ್ಕ ಹಡಗು ಭರತದ ಹೊತ್ತು ನೋಡಿಕೊಂಡು ನದಿಯೊಳಗೇ ಸಾಗುತ್ತದೆ. ಕಳೆದ ಮೇ ತಿಂಗಳಿನಲ್ಲಿ ನಾನು ಹೋಗಿ ನೋಡಿ ಬಂದೆ. ನದಿಯ ನೀರು ಮುಂಗಾರಿನ ತುಂಗೆಯಂತೆ ಕೆಂಪು ಕದಡು. ಎರಡೂ ದಡ ಕಣ್ಣಳತೆಯಲ್ಲೇ ಇತ್ತು. ಊರಿನ ಹತ್ತಿರ ಬಂದಾಗ 2013ರಲ್ಲಿ ಕಟ್ಟಿದ ಶಬಾನ್-ಡೆಲ್ಮಾಸ್ ಸೇತುವೆ ಎದುರಾಯಿತು. ನಾಲ್ಕು ಕಂಬಗಳ ನಡುವಿನ ರಸ್ತೆಯ ತುಂಡು ಇಡಿಯಾಗಿ, ಲಿಫ್ಟಿನಂತೆ, ಸದ್ದಿಲ್ಲದೆ ಮೇಲಕ್ಕೆ ಹೋಯಿತು. ಅದರ ಕೆಳಗೆ ನಾವು ದಾಟಿದೆವು. ಹಡಗು ನಿಂತದ್ದು ಪೇಟೆಯ ಎದುರಿಗೇ. ನಮ್ಮ ಕೋರ್ಪಲಯ್ಯನ ಛತ್ರದ ಮೆಟ್ಟಿಲಿಗೆ ಹಡಗು ಬಂದು ನಿಂತರೆ ಹೇಗಿರುತ್ತದೋ ಹಾಗೆ. ಇಳಿದು ರಸ್ತೆ ದಾಟಿದರೆ ಹಳೆಯ ಅರಮನೆಯಂಥ ಕಟ್ಟಡಗಳ ಸಾಲು, ಮುಂದೆ ಕಲ್ಲುಹಾಸಿನ ಮೇಲೆ ಎರಡು ಬೆರಳು ಆಳದ ನೀರಿನ ಕನ್ನಡಿ. ಅದರಲ್ಲಿ ಮಕ್ಕಳು ಬರಿಗಾಲಿನಲ್ಲಿ ಓಡುತ್ತಿದ್ದರು. ರಾತ್ರಿ ಊಟವಾದ ಮೇಲೆ ಮತ್ತೊಮ್ಮೆ ಇಳಿದು ನಡೆದು ಬಂದೆ. ಕೈಯಲ್ಲಿ ಚೀಟಿಯಿರಲಿಲ್ಲ, ಕೇಳುವವರೂ ಇರಲಿಲ್ಲ. ನಮ್ಮ ಮೇಷ್ಟ್ರನ್ನು ಇಲ್ಲಿಗೆ ಕರೆತರಬೇಕಿತ್ತು ಎಂದು ಅಲ್ಲಿಯೇ ನಿಶ್ಚಯಿಸಿದೆ. ಈ ಬದಲಾವಣೆ ಹುಟ್ಟಿದ್ದು ಆ ರಾತ್ರಿ.

ಈಗ ಯಾವ ಹಡಗು ಯಾರಿಗೆ ಎಂಬ ಮಾತು. ಎಲ್ಲ ಚಿಕ್ಕ ಹಡಗೂ ಒಂದೇ ಬಗೆಯಲ್ಲ.

1998ರಿಂದ 2001ರ ನಡುವೆ ಫ್ರಾನ್ಸಿನಲ್ಲಿ ರೆನೇಸಾನ್ಸ್ ಎಂಬ ಸಂಸ್ಥೆಗೆ ಎಂಟು ಹಡಗುಗಳನ್ನು ಒಂದೇ ಅಚ್ಚಿನಲ್ಲಿ ಕಟ್ಟಿದರು. ಸಂಸ್ಥೆ 2001ರಲ್ಲಿ ಮುಳುಗಿತು, ಹಡಗುಗಳು ಹಲವರ ಕೈ ದಾಟಿ ಕೊನೆಗೆ ನಾಲ್ಕು ಅಝಮಾರಾಕ್ಕೂ ನಾಲ್ಕು ಓಷಿಯಾನಿಯಾ ಎಂಬ ಸಂಸ್ಥೆಗೂ ಸೇರಿದವು. ಅಣ್ಣತಮ್ಮಂದಿರ ಪಾಲಾದ ಒಂದೇ ಮನೆಯ ಹಾಗೆ, ಗೋಡೆಗಳು ಒಂದೇ, ಒಳಗಿನ ಸಂಸಾರ ಬೇರೆ. ಅಝಮಾರಾ ಮನಸ್ಸಿಟ್ಟಿರುವುದು ಬಂದರಿನ ಮೇಲೆ. ಸಂಜೆ ಐದಕ್ಕೆ ಹಗ್ಗ ಬಿಚ್ಚದೆ ರಾತ್ರಿಯವರೆಗೆ ನಿಲ್ಲುತ್ತದೆ, ಹಲವು ಊರುಗಳಲ್ಲಿ ತಂಗುತ್ತದೆ. ಸ್ಪೇನಿನಲ್ಲಿ ನದಿಯೊಳಗೆ ಸಾಗಿ ಸೆವಿಲ್ ನಗರದವರೆಗೂ ಹೋಗುತ್ತದೆ. ಓಷಿಯಾನಿಯಾ ಮನಸ್ಸಿಟ್ಟಿರುವುದು ಅಡುಗೆಮನೆಯ ಮೇಲೆ. ಪ್ರತ್ಯೇಕ ಊಟದ ಮನೆಗಳಿಗೆ ಪ್ರತ್ಯೇಕ ಹಣ ಕೇಳುವುದಿಲ್ಲ, ಸಂಜೆ ನಾಲ್ಕಕ್ಕೆ ತಂತಿವಾದ್ಯಗಳೊಂದಿಗೆ ಚಹಾ. ಊರು ಮುಖ್ಯವೆನ್ನುವವರಿಗೆ ಮೊದಲನೆಯದು, ಹಡಗಿನಲ್ಲಿ ಹಾಯಾಗಿರಬೇಕೆನ್ನುವವರಿಗೆ ಎರಡನೆಯದು. ನನ್ನನ್ನು ಕೇಳಿದರೆ ಮೊದಲನೆಯದು.

ಈ ಎಂಟು ಹಡಗುಗಳಿಗೂ ಒಂದು ಕೊರತೆಯಿದೆ. ಬಾಲ್ಕನಿ ಇರುವ ಸಾಮಾನ್ಯ ಕೋಣೆ ಸುಮಾರು 175 ಚದರ ಅಡಿ, ಬಚ್ಚಲುಮನೆ ತೀರಾ ಇಕ್ಕಟ್ಟು. ಹಂಡೆ ತುಂಬ ಬಿಸಿನೀರು ಕಾಯಿಸಿ ಮೀಯುವ ಮಲೆನಾಡಿನ ಬಚ್ಚಲಿಗೆ ಒಗ್ಗಿದವರಿಗೆ ಮೊದಲ ದಿನ ಮೊಣಕೈ ಗೋಡೆಗೆ ಬಡಿಯುತ್ತದೆ. ಅದಕ್ಕೇ ನಮ್ಮ ಕಚೇರಿಯ ಒಳಕೋಣೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಆ ಕೋಣೆಯ ಅಳತೆ ಎಳೆದಿಟ್ಟಿದ್ದೇವೆ. ಮಂಚ ಎಲ್ಲಿ, ಬೀರು ಎಲ್ಲಿ, ಬಚ್ಚಲು ಎಷ್ಟು ಎಂದು ಗುರುತಿದೆ. ದಯವಿಟ್ಟು ಗಂಡ ಹೆಂಡತಿ ಇಬ್ಬರೂ ಬಂದು ಅದರೊಳಗೆ ನಿಂತು ನೋಡಿ, ಆಮೇಲೆ ಮುಂಗಡ ಕೊಡಿ.

ಅದು ಸಾಲದು ಎನ್ನುವವರಿಗೆ ವೈಕಿಂಗ್ ಸಂಸ್ಥೆಯ ಹಡಗು ಇದೆ. 47,800 ಟನ್, 930 ಜನ. ತಲೆಗೆ 51, ಅಂದರೆ ನಿಜವಾಗಿಯೂ ವಿಶಾಲ. ಎಲ್ಲ ಕೋಣೆಗೂ ಬಾಲ್ಕನಿ, ಬಚ್ಚಲಿನ ನೆಲ ಬೆಚ್ಚಗಿರುತ್ತದೆ, ಪ್ರತಿ ಬಂದರಿನಲ್ಲಿ ಒಂದು ಸುತ್ತಾಟ ಶುಲ್ಕದಲ್ಲೇ ಸೇರಿದೆ. ಜೂಜಿನ ಮೇಜುಗಳಿಲ್ಲ. ಹದಿನೆಂಟು ತುಂಬದವರಿಗೆ ಪ್ರವೇಶವೂ ಇಲ್ಲ. ಆದರೆ 228 ಮೀಟರ್ ಉದ್ದವಿರುವುದರಿಂದ ಅಝಮಾರಾ ನುಸುಳುವ ಕಡೆಗಳಿಗೆಲ್ಲ ಇದು ನುಸುಳಲಾರದು.

ಇನ್ನೂ ಚಿಕ್ಕದು ಬೇಕೆಂದರೆ ವಿಂಡ್‌ಸ್ಟಾರ್ ಸಂಸ್ಥೆಯ ಹಾಯಿ ಹಡಗುಗಳು. ‘ವಿಂಡ್ ಸ್ಟಾರ್’ ಮತ್ತು ‘ವಿಂಡ್ ಸ್ಪಿರಿಟ್’ ತಲಾ 148 ಪ್ರಯಾಣಿಕರಿಗಷ್ಟೇ. ನಾಲ್ಕು ಕಂಬ, ಆರು ಹಾಯಿ, ಗುಂಡಿ ಒತ್ತಿದರೆ ಬಿಚ್ಚಿಕೊಳ್ಳುತ್ತವೆ. ಹಡಗು ನಡೆಸುವ ಕೋಣೆಗೆ ಹೋಗಿ ಕಪ್ತಾನರೊಡನೆ ಮಾತಾಡಬಹುದು. ಆದರೆ ಈ ಎರಡರಲ್ಲಿ ಲಿಫ್ಟ್ ಇಲ್ಲ. ಮಂಡಿನೋವು ಇರುವವರಿಗೆ ನಾವು ಇದನ್ನು ಮಾರುವುದಿಲ್ಲ, ಕೇಳಿದರೂ ಇಲ್ಲ ಎನ್ನುತ್ತೇವೆ. ಅಲೆ ಎದ್ದಾಗ ಚಿಕ್ಕ ಹಡಗು ದೊಡ್ಡದಕ್ಕಿಂತ ಹೆಚ್ಚು ತೂಗಾಡುತ್ತದೆ ಎಂಬುದೂ ನೆನಪಿರಲಿ. ಆಗುಂಬೆ ಘಾಟಿಯ ಬಸ್ಸಿನಲ್ಲಿ ಹೊಟ್ಟೆ ತೊಳಸುವವರು ವೈದ್ಯರನ್ನು ಕಂಡು ಮಾತ್ರೆ ಬರೆಸಿಕೊಂಡೇ ಹೊರಡಿ.

ಚಿಕ್ಕದಾದ ಮಾತ್ರಕ್ಕೆ ಎಲ್ಲ ಬಾಗಿಲೂ ತೆರೆಯುವುದಿಲ್ಲ. ವೆನಿಸ್ ನಗರದ ಒಳಗಾಲುವೆಗೆ 2021ರ ಆಗಸ್ಟ್‌ನಿಂದ 25,000 ಟನ್ ಮೀರಿದ ಅಥವಾ 180 ಮೀಟರ್‌ಗಿಂತ ಉದ್ದದ ಹಡಗುಗಳನ್ನು ಬಿಡುವುದಿಲ್ಲ. ಅಝಮಾರಾ, ಓಷಿಯಾನಿಯಾದ ಈ ಹಡಗುಗಳ ಉದ್ದ 181 ಮೀಟರ್. ವೆನಿಸ್ ಪೇಟೆಯನ್ನು ಹಡಗಿನಿಂದಲೇ ನೋಡುವ ಆಸೆಯಿದ್ದರೆ ಅದು ಇವುಗಳಲ್ಲಿ ಈಡೇರದು.

ಊಟದ ವಿಷಯದಲ್ಲಿ ನಿಮ್ಮಲ್ಲಿ ಅನೇಕರು ಕೇಳುವುದು ಒಂದೇ ಪ್ರಶ್ನೆ. ಸಸ್ಯಾಹಾರ, ಈರುಳ್ಳಿ ಬೆಳ್ಳುಳ್ಳಿ ಬೇಡ ಎನ್ನುವವರ ಪಟ್ಟಿಯನ್ನು ಹಡಗು ಹೊರಡುವ ಎರಡು ತಿಂಗಳ ಮೊದಲೇ ನಾವು ಕಳಿಸುತ್ತೇವೆ. ನಾನು ಹೋದ ಹಡಗಿನಲ್ಲಿ ಬಡಿಸುವವರ ಮುಖ್ಯಸ್ಥರು ಪ್ರತಿ ರಾತ್ರಿ ಮರುದಿನದ ಊಟದ ಪಟ್ಟಿ ತಂದು ಮುಂದಿಟ್ಟು, ಪೆನ್ನು ಹಿಡಿದು ಒಂದೊಂದನ್ನೇ ವಿಚಾರಿಸುತ್ತಿದ್ದರು. ಮೂರನೆಯ ದಿನ ಹೆಸರು ಹಿಡಿದು ಕರೆದರು, ಮಜ್ಜಿಗೆಯೂ ಬಂತು. ಮನೆಯಲ್ಲಿ ಮಾಡಿದ ತಿನಿಸನ್ನು ಮಾತ್ರ ಹಡಗಿಗೆ ಬಿಡುವುದಿಲ್ಲ. ಅಪ್ಪೆಮಿಡಿಯ ಭರಣಿ ಮನೆಯಲ್ಲೇ ಇರಲಿ, ಅಂಗಡಿಯ ಮೊಹರಿನ ಪೊಟ್ಟಣವಾದರೆ ತನ್ನಿ. ಕೋಟು ಹೊಲಿಸುವ ಅಗತ್ಯವಿಲ್ಲ, ಇಸ್ತ್ರಿ ಮಾಡಿದ ಅಂಗಿ ಪ್ಯಾಂಟು ಸಾಕು. ಅಝಮಾರಾದಲ್ಲೂ ವೈಕಿಂಗ್‌ನಲ್ಲೂ ಬಟ್ಟೆ ಒಗೆಯುವ ಯಂತ್ರಗಳನ್ನು ಹಣ ಕೊಡದೆ ಬಳಸಬಹುದು.

ಮೊಮ್ಮಕ್ಕಳನ್ನು ಕರೆದೊಯ್ಯಬೇಕೆಂದು ಎಷ್ಟೋ ದಿನದಿಂದ ಹಣ ಕೂಡಿಟ್ಟವರಿಗೆ ಈ ಬದಲಾವಣೆ ನೋವು ತರುತ್ತದೆ. ಅದು ನನಗೆ ಗೊತ್ತು. ನೀರಾಟ, ಜಾರುಬಂಡೆ, ಮಕ್ಕಳ ಕೋಣೆ ಎಲ್ಲ ಇರುವುದು ದೊಡ್ಡ ಹಡಗಿನಲ್ಲೇ, ಮಕ್ಕಳಿಗೆ ಅದೇ ಸರಿ. ಅಂಥ ಪ್ರವಾಸಕ್ಕೆ ಮುಂಬೈಯಿಂದ ಹೊರಡುವ ಕಾರ್ಡೀಲಿಯಾ ಹಡಗು ಸಂಸ್ಥೆಯ ನಾಲ್ಕೈದು ದಿನಗಳ ಯಾನ ಒಳ್ಳೆಯ ಆರಂಭ. ಟಿಕೆಟ್ ಮಾಡಿಸಿಕೊಳ್ಳಲು ಕಚೇರಿಗೆ ಬಂದರೆ ಸಹಾಯ ಮಾಡುತ್ತೇವೆ, ಅದಕ್ಕೆ ನಮ್ಮ ಶುಲ್ಕವಿಲ್ಲ.

ನಮ್ಮ ಮೊದಲ ತಂಡ ಮುಂದಿನ ಮೇ ತಿಂಗಳಿನಲ್ಲಿ, ಮುಂಗಾರು ಹಿಡಿಯುವ ಮೊದಲು, ಬೋರ್ಡೋ ದಾರಿಯಲ್ಲಿ ಹೊರಡುತ್ತದೆ. ಎರಡನೆಯದು ಸೆಪ್ಟೆಂಬರ್ ಕೊನೆಯಲ್ಲಿ ಗ್ರೀಸಿಗೆ, ಕೊಯ್ಲಿಗೆ ಮೊದಲು ಮರಳುವಂತೆ. ವೀಸಾ ಕಾಗದಪತ್ರಗಳಿಗೆ ನಾಲ್ಕು ತಿಂಗಳು ಮುಂಚೆ ಬನ್ನಿ. ಹಳೆಯ ಪ್ರವಾಸಕ್ಕೆ ಈಗಾಗಲೇ ಮುಂಗಡ ಕೊಟ್ಟವರ ಹಣ ಪೂರ್ತಿ ಹಿಂತಿರುಗುತ್ತದೆ, ಒಂದು ರೂಪಾಯಿಯನ್ನೂ ಮುರಿದುಕೊಳ್ಳುವುದಿಲ್ಲ. ರಶೀದಿ ಕಳೆದುಹೋಗಿದ್ದರೂ ಚಿಂತಿಸಬೇಡಿ, ನಮ್ಮ ಪುಸ್ತಕದಲ್ಲಿ ಬರೆದಿದೆ.

ಶನಿವಾರಗಳಂದು ಬೆಳಿಗ್ಗೆ ಹತ್ತರಿಂದ ಒಂದರವರೆಗೆ ನಾನೇ ಕಚೇರಿಯಲ್ಲಿರುತ್ತೇನೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಬರುವವರು ಹಿಂದಿನ ದಿನ ಒಂದು ಫೋನ್ ಮಾಡಿದರೆ ಕಾಯಿಸದೆ ಮಾತಾಡಬಹುದು. ಮೇಷ್ಟ್ರು ಬೋರ್ಡೋ ತಂಡಕ್ಕೆ ಹೆಸರು ಕೊಟ್ಟಾಗಿದೆ. ಹದಿನೈದು ಜಾಗ ಉಳಿದಿದೆ.

ಇಂತು ತಮ್ಮ ವಿಶ್ವಾಸಿ,
ವ್ಯವಸ್ಥಾಪಕ
ಪ್ರವಾಸ ಕಚೇರಿ, ದುರ್ಗಿಗುಡಿ, ಶಿವಮೊಗ್ಗ