ಮಗಳಿಗೊಂದು ಪತ್ರ: ವಿಂಚೆಸ್ಟರಿನ ಮುಳುಗುಗಾರ

ಪ್ರೀತಿಯ ಪುಟ್ಟಿ,

ಹೊಸ ಕಟ್ಟಡ ಕಟ್ಟುವ ಕಂಪನಿಗೆ ಸೇರಲಾ, ಇಲ್ಲ ಹಳೆ ಕಟ್ಟಡ ಉಳಿಸುವ ಕೋರ್ಸಿಗೆ ಹೋಗಲಾ ಅಂತ ನೀನು ಕೇಳಿದ್ದೆ. ಫೋನಿನಲ್ಲಿ ಸಮಾಧಾನವಾಗಿ ಮಾತಾಡಲು ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅಪ್ಪನೂ ನಾನೂ ದಕ್ಷಿಣ ಇಂಗ್ಲೆಂಡಿನ ಹಳೆ ಊರುಗಳನ್ನು ಸುತ್ತುತ್ತಿದ್ದೇವೆ. ಚರ್ಚು ನೋಡಲು ಬಂದ ನನಗೆ ಎಲ್ಲೆಲ್ಲೂ ರಿಪೇರಿಯೇ ಕಣ್ಣಿಗೆ ಬೀಳುತ್ತಿದೆ!

ವಿಂಚೆಸ್ಟರ್ ಊರಿನ ದೊಡ್ಡ ಚರ್ಚು, ಅಂದರೆ ಕೆಥೆಡ್ರಲ್, ಕಟ್ಟಲು ಶುರುವಾಗಿದ್ದು 1079ರಲ್ಲಿ. ಪೂರ್ವದ ಭಾಗವನ್ನು 13ನೇ ಶತಮಾನದಲ್ಲಿ ಬೆಳೆಸಿದರು. ಕೆಳಗೆ ಜವುಗು ನೆಲ. ಮರದ ದಿಮ್ಮಿ ಹಾಸಿ, ಅದರ ಮೇಲೆ ಗೋಡೆ ಎಬ್ಬಿಸಿದ್ದರು. 20ನೇ ಶತಮಾನ ಬರುವ ಹೊತ್ತಿಗೆ ಗೋಡೆಗಳು ವಾಲಿ ಬಿರುಕು ಬಿಟ್ಟಿದ್ದವು. ಅಡಿಪಾಯ ಭದ್ರ ಮಾಡೋಣವೆಂದು ಅಗೆದರೆ ಗುಂಡಿ ತುಂಬ ನೀರು. ಪಂಪು ಹಾಕಿ ನೀರೆತ್ತಿದರೆ ಇಡೀ ಗೋಡೆ ಕುಸಿಯುವ ಭಯ.

ಆಗ ಫ್ರಾನ್ಸಿಸ್ ಫಾಕ್ಸ್ ಎಂಬ ಎಂಜಿನಿಯರ್ ಮುಳುಗುಗಾರನನ್ನೇ ಇಳಿಸಲು ಹೇಳಿದರು. ವಿಲಿಯಂ ವಾಕರ್ 1906ರಿಂದ 1911ರವರೆಗೆ ಆ ಕೆಸರು ನೀರಿಗೆ ಇಳಿದು ಕೆಲಸ ಮಾಡಿದರು. ಕೆಲವು ಕಡೆ ಆಳ ಸುಮಾರು 6 ಮೀಟರ್. ಒಳಗೆ ಏನೂ ಕಾಣುತ್ತಿರಲಿಲ್ಲ. ಕೈಯಲ್ಲಿ ತಡವಿ ತಡವಿಯೇ ಕಾಂಕ್ರೀಟ್ ಚೀಲ ಜೋಡಿಸಿದರು. ತಳ ಮುಚ್ಚಿದ ಮೇಲೆ ನೀರೆತ್ತಿ, ಗಾರೆಯವರು ಮೇಲಿನ ಕೆಲಸ ಮುಗಿಸಿದರು. ವಾಕರ್ ಮಾಡಿದ ಕೆಲಸ ಈಗಲೂ ಯಾರ ಕಣ್ಣಿಗೂ ಬೀಳುವುದಿಲ್ಲ, ಎಲ್ಲ ನೆಲದಡಿ. ನಮ್ಮ ಗುಂಪಿನವರು ಕಾದಂಬರಿಕಾರ್ತಿ ಜೇನ್ ಆಸ್ಟಿನ್ ಸಮಾಧಿಯ ಹತ್ತಿರ ಫೋಟೋ ತೆಗೆಯುತ್ತಿದ್ದರು. ನಾನು ಪೂರ್ವದ ಗೋಡೆ ಮುಟ್ಟಿಕೊಂಡು ಎಷ್ಟೋ ಹೊತ್ತು ನಿಂತಿದ್ದೆ.

ಅದೇ ಚರ್ಚಿನ ಪಶ್ಚಿಮದ ದೊಡ್ಡ ಕಿಟಕಿಯನ್ನೂ ನೀನು ನೋಡಬೇಕು. ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ನಡೆಯುತ್ತಿದ್ದ 1642ರಲ್ಲಿ ಪಾರ್ಲಿಮೆಂಟ್ ಕಡೆಯ ಸೈನಿಕರು ಬಣ್ಣದ ಗಾಜನ್ನೆಲ್ಲ ಒಡೆದುಹಾಕಿದರು. ಮುಂದೆ 1660ರಲ್ಲಿ ರಾಜರ ಆಳ್ವಿಕೆ ವಾಪಸ್ ಬಂದ ಮೇಲೆ ಚೂರುಗಳನ್ನೇ ಮತ್ತೆ ಕೂರಿಸಿದರು. ಹಳೆಯ ಚಿತ್ರ ಕೂಡಿಬರಲಿಲ್ಲ. ಅಲ್ಲೊಂದು ಮುಖ, ಇಲ್ಲೊಂದು ಬಟ್ಟೆಯ ನೆರಿಗೆ, ನಡುವೆ ಬರೀ ಬಣ್ಣ. ನನಗಂತೂ ಇದು ಇಡೀ ಚಿತ್ರಕ್ಕಿಂತ ಜಾಸ್ತಿ ಇಷ್ಟವಾಯಿತು. ಒಡೆದದ್ದನ್ನು ಯಾರೂ ಮುಚ್ಚಿಟ್ಟಿಲ್ಲ.

ಸಾಲ್ಸ್‌ಬರಿಯಲ್ಲಿ 123 ಮೀಟರ್ ಎತ್ತರದ ಶಿಖರವಿದೆ. ಅದನ್ನು ಹೊತ್ತ ಚರ್ಚಿನ ಅಡಿಪಾಯ ಒಂದೂಕಾಲು ಮೀಟರಿನಷ್ಟೇ ಆಳ! ಭಾರಕ್ಕೆ ಕಂಬಗಳು ಬಾಗಿದ್ದು ಬರಿಗಣ್ಣಿಗೇ ಕಾಣುತ್ತದೆ. 1668ರಲ್ಲಿ ವಾಸ್ತುಶಿಲ್ಪಿ ಕ್ರಿಸ್ಟೋಫರ್ ರೆನ್ ಅಳೆದು ನೋಡಿದಾಗಲೇ ಶಿಖರ ಸುಮಾರು 75 ಸೆಂಟಿಮೀಟರ್ ವಾಲಿತ್ತು. ಅಡಿಯ ನೀರಿನ ಮಟ್ಟವನ್ನು ಇವತ್ತಿಗೂ ನೆಲದ ಒಂದು ತೂತಿನಲ್ಲಿ ಕೋಲು ಇಳಿಸಿ ನೋಡುತ್ತಾರೆ. ರಾಜನ ಅಧಿಕಾರಕ್ಕೆ ಮಿತಿ ಹಾಕಿದ ಮ್ಯಾಗ್ನಾ ಕಾರ್ಟಾ ಎಂಬ ಪತ್ರದ 1215ರ ಒಂದು ಪ್ರತಿ ಇಲ್ಲಿದೆ, ಅದನ್ನೂ ನೋಡಿದೆವು.

ವೆಲ್ಸ್ ಪುಟ್ಟ ಊರು. ಚಿಲುಮೆಗಳಿಂದಲೇ ಆ ಹೆಸರು. ಅಲ್ಲಿನ ಕೆಥೆಡ್ರಲ್ ಗೋಪುರವನ್ನು ಎತ್ತರಿಸಿದ ಮೇಲೆ ಕೆಳಗೆ ಬಿರುಕು ಬಿಟ್ಟಿತಂತೆ. ವಿಲಿಯಂ ಜಾಯ್ ಎಂಬ ಮೇಸ್ತ್ರಿ 1338ರಿಂದ 1348ರ ನಡುವೆ ಒಂದು ಕಮಾನಿನ ಮೇಲೆ ಇನ್ನೊಂದನ್ನು ತಲೆಕೆಳಗಾಗಿ ಕೂರಿಸಿ ಆಸರೆ ಕೊಟ್ಟರು. ಕತ್ತರಿ ಕಮಾನು ಅನ್ನುತ್ತಾರೆ. ಈಗ ಆ ಊರಿಗೆ ಬರುವವರು ಮೊದಲು ಹುಡುಕುವುದು ಆ ಆಸರೆಯನ್ನೇ. ಲೆಕ್ಕ ನಿನಗೆ ಅರ್ಥವಾಗುತ್ತದೆ, ನನಗೆ ಅದರ ಧೈರ್ಯ ಅರ್ಥವಾಯಿತು.

ಸಂಬಳ ಮೊದಮೊದಲು ಕಡಿಮೆ ಇರಬಹುದು ಅಂದೆಯಲ್ಲ. ಇರಲಿ, ನಾವಿದ್ದೇವೆ. ಉಳಿಸುವ ಕೆಲಸಕ್ಕೆ ಕಟ್ಟುವಷ್ಟೇ ಬುದ್ಧಿ ಬೇಕು, ತಾಳ್ಮೆ ಇನ್ನೂ ಜಾಸ್ತಿ ಬೇಕು. ಅದು ನಿನ್ನಲ್ಲಿದೆ. ಅಪ್ಪನದೂ ಇದೇ ಮಾತು. ಅರ್ಜಿಗೆ ಕೊನೆಯ ದಿನ ಯಾವುದು, ಫೀಸು ಎಷ್ಟು ಕಟ್ಟಬೇಕು, ಇವತ್ತೇ ತಿಳಿಸು.

ನಿನ್ನ ಅಮ್ಮ