ಸೀಮೆಬದನೆಕಾಯಿಗೆ ಅದರ ಹೆಸರೇ ಇರಲಿ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಅಡುಗೆ ಪುಟದಲ್ಲಿ ‘ಚೌಚೌ ಕೂಟು’ ಅಂತ ಒಂದು ರೆಸಿಪಿ ಬಂದಿತ್ತು. ಹೆಸರು ಓದಿದ ನನ್ನ ಮೊಮ್ಮಗಳು, ಖಾರಾಬಾತು ಕೇಸರಿಬಾತು ಹಾಕಿ ಕೂಟು ಮಾಡ್ತಾರಾ ಅಜ್ಜಿ ಅಂತ ಕೇಳಿದಳು. ಅವಳ ತಪ್ಪೇನಿಲ್ಲ. ಬೆಂಗಳೂರಿನಲ್ಲಿ ಬೆಳೆದ ಮಗುವಿಗೆ ಚೌಚೌ ಅಂದರೆ ಹೋಟೆಲಿನ ಚೌಚೌ ಬಾತೇ ಅಲ್ವಾ? ಫೋಟೊ ನೋಡಿದ ಮೇಲೆ ಗೊತ್ತಾಯಿತು, ಅದು ನಮ್ಮ ಸೀಮೆಬದನೆಕಾಯಿ.

ಇದಾಗಿ ಎರಡು ದಿನಕ್ಕೆ ಮನೆ ಹತ್ತಿರದ ದೊಡ್ಡ ತರಕಾರಿ ಅಂಗಡಿಗೆ ಹೋಗಿದ್ದೆ. ಅಲ್ಲಿ ಇದೇ ಕಾಯಿಯ ಮುಂದೆ ಕನ್ನಡ ಅಕ್ಷರದಲ್ಲೇ ‘ಬ್ಯಾಂಗಲೋರ್ ಬ್ರಿಂಜಾಲ್’ ಅಂತ ಚೀಟಿ ಸಿಕ್ಕಿಸಿದ್ದರು. ಸೀಮೆಬದನೆ ಅರ್ಧ ಕಿಲೋ ಕೊಡಪ್ಪ ಅಂದರೆ, ಬದನೆಕಾಯಿ ಆ ಕಡೆ ಇದೆ ಆಂಟಿ ಅಂದ ಅಲ್ಲಿನ ಹುಡುಗ. ನನಗೆ ನಿಜವಾಗಿಯೂ ಬೇಜಾರಾಯಿತು. ಒಂದು ತರಕಾರಿಯ ಹೆಸರಿಗೆ ಇಷ್ಟೊಂದು ಯಾಕೆ ಅಂತ ನಿಮಗೆ ಅನಿಸಬಹುದು. ಆದರೆ ಈ ಹೆಸರಿನೊಳಗೆ ನಮ್ಮ ಊರಿನ ಕಥೆ ಇದೆ, ಅದಕ್ಕೇ ಬರೆಯುತ್ತಿದ್ದೇನೆ.

ಸೀಮೆಬದನೆ ಬದನೆ ಜಾತಿಯದ್ದೇ ಅಲ್ಲ. ಸೋರೆ, ಹೀರೆ, ಸೌತೆ, ಕುಂಬಳದ ಕುಟುಂಬಕ್ಕೆ ಸೇರಿದ ಬಳ್ಳಿ ಅದು. ಅದರ ತವರು ಮೆಕ್ಸಿಕೊ ಕಡೆ. ಅಲ್ಲಿನ ಹಳೆಯ ನಹುವಾತಲ್ ಭಾಷೆಯಲ್ಲಿ ಅದು ‘ಚಯೋತ್ಲಿ’, ಸ್ಪೇನಿನವರ ಬಾಯಲ್ಲಿ ‘ಚಯೋಟೆ’ ಆಯಿತು. ಟೊಮೇಟೊ ಅನ್ನುವ ಮಾತು ಬಂದದ್ದೂ ಅದೇ ಭಾಷೆಯಿಂದ. ಡಾರ್ಜಿಲಿಂಗ್ ಕಡೆಯವರು ಸೀಮೆಬದನೆಯನ್ನು ‘ಇಸ್ಕುಸ್’ ಅನ್ನುತ್ತಾರೆ, ಆಸ್ಟ್ರೇಲಿಯಾದವರು ‘ಚೋಕೊ’ ಅನ್ನುತ್ತಾರೆ. ಹೋದ ಹೋದ ಊರಿನಲ್ಲಿ ಒಂದೊಂದು ಹೆಸರು.

ಬೆಂಗಳೂರಿಗೆ ಅದನ್ನು ತಂದವರು ಲಾಲ್‌ಬಾಗಿನ ಸೂಪರಿಂಟೆಂಡೆಂಟ್ ಆಗಿದ್ದ ಜಾನ್ ಕ್ಯಾಮರಾನ್. ಲಂಡನ್ನಿನ ಕ್ಯೂ ತೋಟದಲ್ಲಿ ಕೆಲಸ ಕಲಿತು 1874ರಲ್ಲಿ ಇಲ್ಲಿಗೆ ಬಂದವರು, 1908ರವರೆಗೂ ಲಾಲ್‌ಬಾಗ್ ನೋಡಿಕೊಂಡರು. ಗಾಜಿನ ಮನೆ ಎದ್ದದ್ದೂ ಅವರ ಕಾಲದಲ್ಲೇ. ಈ ಕಾಯಿಯನ್ನು ಊರಿಂದ ಊರಿಗೆ ಸಾಗಿಸುವುದು ಸುಲಭದ ಕೆಲಸವಲ್ಲ. ಬೇರೆ ತರಕಾರಿಯ ಹಾಗೆ ಬೀಜ ಒಣಗಿಸಿ ಪೊಟ್ಟಣ ಕಟ್ಟಿ ಕಳಿಸಲು ಬರುವುದಿಲ್ಲ. ಕಾಯಿಯ ಮಧ್ಯೆ ಇರುವುದು ಒಂದೇ ಒಂದು ಬೀಜ, ಅದು ಒಣಗಿದರೆ ಸತ್ತಂತೆ, ಕಾಯಿಯೊಳಗೇ ಮೊಳಕೆ ಒಡೆದು ಹೊರಗೆ ಬರುತ್ತದೆ, ನೆಡಬೇಕಾದರೆ ಇಡೀ ಕಾಯಿಯನ್ನೇ ನೆಡಬೇಕು. ಅಂದರೆ ಹಡಗಿನಲ್ಲಿ ಜೀವ ಇರುವ ಕಾಯಿಯೋ ಸಸಿಯೋ ಬರಬೇಕು, ಬಂದದ್ದು ಇಲ್ಲಿನ ಮಣ್ಣಿನಲ್ಲಿ ಬದುಕಬೇಕು. ನಮ್ಮನೆ ಬುಟ್ಟಿಯಲ್ಲಿ ಮರೆತುಹೋದ ಕಾಯಿ ನಾಲಿಗೆ ಚಾಚಿದ ಹಾಗೆ ಮೊಳಕೆ ತೆಗೆದಾಗಲೆಲ್ಲ ನನಗೆ ಈ ವಿಷಯ ನೆನಪಾಗುತ್ತದೆ.

ಬೆಂಗಳೂರಿನ ತಂಪು ಹವೆ ಅದಕ್ಕೆ ಚೆನ್ನಾಗಿ ಹಿಡಿಸಿತು. ಸುತ್ತಮುತ್ತಲ ರೈತರು ಚಪ್ಪರ ಹಾಕಿ ಬೆಳೆದರು. ಇಲ್ಲಿಂದ ಮದರಾಸಿನ ಕಡೆಗೂ ಆಂಧ್ರದ ಕಡೆಗೂ ಹೋಯಿತು. ಎಲ್ಲಿಂದ ಬಂತೋ ಆ ಊರಿನ ಹೆಸರನ್ನೇ ಅವರು ಇಟ್ಟರು. ತಮಿಳರಿಗೆ ಅದು ‘ಬೆಂಗಳೂರು ಕತ್ತರಿಕ್ಕಾಯಿ’, ತೆಲುಗರಿಗೆ ‘ಬೆಂಗಳೂರು ವಂಕಾಯ’. ಚೆನ್ನೈಯಲ್ಲಿ ಇವತ್ತಿಗೂ ಗಟ್ಟಿ ಟೊಮೇಟೊಗೆ ‘ಬೆಂಗಳೂರು ತಕ್ಕಾಳಿ’ ಅನ್ನುತ್ತಾರೆ. ತೋತಾಪುರಿ ಮಾವಿಗೂ ‘ಬೆಂಗಳೂರಾ’ ಅನ್ನುವ ಹೆಸರಿದೆ. ಇದೆಲ್ಲ ನಮಗೆ ಹೆಮ್ಮೆಯೇ. ಆದರೆ ಮದರಾಸಿನವರು ನಮ್ಮ ಊರಿನ ಹೆಸರು ಹಿಡಿದು ಕರೆದರೆ ಅದಕ್ಕೊಂದು ಅರ್ಥ ಇದೆ, ಬೆಂಗಳೂರಿನ ಅಂಗಡಿಯಲ್ಲೇ ಅದನ್ನು ‘ಬ್ಯಾಂಗಲೋರ್ ಬ್ರಿಂಜಾಲ್’ ಅಂತ ಬರೆದು ಇಟ್ಟರೆ ಏನು ಅರ್ಥ? ಇಲ್ಲಿಯವರಿಗೆ ಅದು ಎಲ್ಲಿಂದಲೋ ಬಂದ ಕಾಯಿ. ಅದಕ್ಕೇ ನಮ್ಮ ಹಿರಿಯರು ಸೀಮೆ ಸೇರಿಸಿದರು.

ಈ ಸೀಮೆ ಅನ್ನುವ ಮಾತು ನನಗೆ ತುಂಬಾ ಇಷ್ಟ. ಮೊದಲಿನ ಅರ್ಥ ಎಲ್ಲೆ, ಗಡಿ. ಆಮೇಲೆ ಗಡಿಯೊಳಗಿನ ನಾಡಿಗೂ ಅದೇ ಹೆಸರಾಯಿತು, ಬಯಲುಸೀಮೆ ಅನ್ನುವುದಿಲ್ಲವೇ, ಹಾಗೆ. ‘ಸೀಮೆಗಿಲ್ಲದ ಹಟ’ ಅಂತ ಮಕ್ಕಳನ್ನು ಬೈಯುವಾಗ ಇರುವುದೂ ಈ ಸೀಮೆಯೇ. ಬಿಳಿಯರ ಕಾಲಕ್ಕೆ ಅದು ಪರದೇಶ, ವಿಲಾಯಿತಿ ಅನ್ನುವ ಅರ್ಥಕ್ಕೆ ತಿರುಗಿತು. ಹಡಗಿನಲ್ಲಿ ಬಂದ ಎಣ್ಣೆ ಸೀಮೆಎಣ್ಣೆ. ಶಾಲೆಯ ಹಲಗೆ ಮೇಲೆ ಬರೆಯುವುದು ಸೀಮೆಸುಣ್ಣ. ಸಬ್ಬಕ್ಕಿಗೆ ಸೀಮೆಅಕ್ಕಿ. ಹೆಚ್ಚು ಹಾಲು ಕೊಡುವ ಹೊಸ ತಳಿ ಸೀಮೆ ಹಸು. ಎಷ್ಟು ಸಲೀಸು ನೋಡಿ! ಹೊಸ ವಸ್ತು ಬಂದರೆ ನಮ್ಮವರು ಬೆದರಲಿಲ್ಲ, ತಮಗೆ ಗೊತ್ತಿರುವ ಯಾವುದಕ್ಕೆ ಅದು ಹೋಲುತ್ತದೆ ಅಂತ ನೋಡಿದರು, ಮುಂದೆ ಸೀಮೆ ಸೇರಿಸಿದರು, ಬುಟ್ಟಿಗೆ ಹಾಕಿಕೊಂಡರು. ಪರಂಗಿ ಹಣ್ಣೂ ಹೀಗೇ ಬಂದದ್ದು, ಪರಂಗಿಯವರು ತಂದ ಹಣ್ಣು ಅಂತ.

ಇನ್ನು ಬದನೆ. ಅದು ನಮ್ಮ ಭಾಷೆಗಳ ಹಳೆಯ ಮಾತು, ಮಲಯಾಳದ ‘ವಳುತನ’ಕ್ಕೆ ನಂಟು. ಚೀಟಿಯಲ್ಲಿದ್ದ ‘ಬ್ರಿಂಜಾಲ್’ ನೋಡಿ, ಇಂಗ್ಲಿಷ್ ಪದ ಅಂತ ಅದಕ್ಕೆ ಗತ್ತು ಜಾಸ್ತಿ. ಆದರೆ ಅದು ಹುಟ್ಟಿದ್ದು ಇಂಗ್ಲೆಂಡಿನಲ್ಲಲ್ಲ. ಸಂಸ್ಕೃತದ ‘ವಾತಿಂಗಣ’ ಪರ್ಷಿಯಾಕ್ಕೆ ಹೋಗಿ ‘ಬಾದಿಂಗಾನ್’ ಆಯಿತು, ಅರಬರಲ್ಲಿ ‘ಅಲ್ ಬಾದಿಂಜಾನ್’ ಆಯಿತು, ಅಲ್ಲಿಂದ ಪೋರ್ಚುಗಲ್ಲಿಗೆ ಹೋಗಿ ‘ಬೆರಿಂಜೆಲಾ’ ಆಗಿ, ಪೋರ್ಚುಗೀಸರ ಜೊತೆ ಹಡಗು ಹತ್ತಿ ವಾಪಸ್ ನಮ್ಮ ದೇಶಕ್ಕೆ ಬಂದು ‘ಬ್ರಿಂಜಾಲ್’ ಆಯಿತು. ಫ್ರೆಂಚರ ‘ಓಬರ್ಜಿನ್’ ಕೂಡ ಅದೇ ಬಳ್ಳಿಯ ಇನ್ನೊಂದು ಕುಡಿ. ಅಮೆರಿಕದವರು ಮಾತ್ರ, ಮೊಟ್ಟೆಯ ಹಾಗೆ ಬೆಳ್ಳಗಿದ್ದ ತಳಿ ನೋಡಿ ‘ಎಗ್‌ಪ್ಲಾಂಟ್’ ಅನ್ನುವ ಹೆಸರು ಹಿಡಿದುಕೊಂಡರು. ಇಲ್ಲಿಂದ ಹೋದ ಹೆಸರು ಅಷ್ಟು ದೂರ ಸುತ್ತಿ ಬಂತು, ಅತ್ತ ಮೆಕ್ಸಿಕೊದ ಕಾಯಿ ಬಂದು ನಮ್ಮ ಬದನೆಯ ಹೆಸರು ಹೊತ್ತುಕೊಂಡಿತು. ಇದನ್ನು ಹೇಳಿದಾಗ ಮೊಮ್ಮಗಳು ಅಟ್ಲಾಸ್ ತೆಗೆದು ಬೆರಳಿಟ್ಟು ಒಂದೊಂದೇ ಊರು ಹುಡುಕಿದಳು.

ಚೌಚೌ ಅನ್ನುವವರ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಪಕ್ಕದ ಮನೆಯವರು ತಮಿಳರು, ಅವರು ಹಾಗೇ ಅನ್ನುತ್ತಾರೆ, ಅವರ ಮನೆ ಕೂಟು ನಮಗೆ ಬಂದೇ ಬರುತ್ತದೆ. ನಾನು ಕೇಳುವುದು ಪತ್ರಿಕೆಯವರನ್ನು. ಸೀಮೆಸುಣ್ಣ ಆಗಲೇ ಚಾಕ್‌ಪೀಸ್ ಆಗಿದೆ, ಸೀಮೆಎಣ್ಣೆ ಸ್ಟವ್ ಜೊತೆಗೇ ಮನೆಯಿಂದ ಹೋಯಿತು. ಸೀಮೆ ಅನ್ನುವ ಮಾತು ದಿನವೂ ಬಾಯಿಗೆ ಬರುತ್ತಿರುವುದು ಈ ಒಂದು ತರಕಾರಿಯಿಂದ. ಗಾಂಧಿ ಬಜಾರಿನಲ್ಲಿ ಬುಟ್ಟಿ ಇಟ್ಟುಕೊಂಡು ಕೂರುವ ಅಮ್ಮಂದಿರು ಇನ್ನೂ ‘ಸೀಮ್‌ಬದ್ನೇಕಾಯ್’ ಅಂತಲೇ ಕೂಗುತ್ತಾರೆ. ಅವರ ಬಾಯಲ್ಲಿ ಇರುವುದನ್ನು ನೀವು ಅಚ್ಚಿನಲ್ಲಿ ಇಟ್ಟರೆ ಸಾಕು, ಅಡುಗೆ ಪುಟದಲ್ಲೂ, ತರಕಾರಿ ಧಾರಣೆ ಹಾಕುವ ಕಡೆಯೂ.

ರೆಸಿಪಿಯ ಬಗ್ಗೆಯೂ ಒಂದು ಮಾತು. ಸಿಪ್ಪೆ ತೆಗೆದು ಬಿಸಾಡಿ ಅಂತ ಬರೆದಿದ್ದೀರಿ. ದಯವಿಟ್ಟು ಬಿಸಾಡಿಸಬೇಡಿ. ಕೈಗೆ ಸ್ವಲ್ಪ ಎಣ್ಣೆ ಸವರಿಕೊಂಡು ಹೆರೆದರೆ ಅಂಟು ಹತ್ತುವುದಿಲ್ಲ. ಆ ಸಿಪ್ಪೆಯನ್ನು ಹಸಿಮೆಣಸಿನಕಾಯಿ, ಉದ್ದಿನಬೇಳೆ ಜೊತೆ ಹುರಿದು, ಕಾಯಿತುರಿ, ಹುಣಸೆಹಣ್ಣು ಹಾಕಿ ರುಬ್ಬಿದರೆ ಒಳ್ಳೆಯ ಚಟ್ನಿ ಆಗುತ್ತದೆ.

ನಿಮ್ಮ ಹಳೆಯ ಓದುಗಳು,
ಹನುಮಂತನಗರ, ಬೆಂಗಳೂರು