ಓದ್ತಾ ಇಲ್ಲಮ್ಮ, ಕೆಲಸಾನೇ ಮಾಡ್ತಿರೋದು

ಅಮ್ಮಾ, ಅಪ್ಪಾ,

ಸಂಕ್ರಾಂತಿ ದಿನ ಫೋನಲ್ಲಿ ಸರಿಯಾಗಿ ಮಾತಾಡೋಕಾಗ್ಲಿಲ್ಲ, ಅದಕ್ಕೆ ಈಗ ಕೂತು ಉದ್ದಕ್ಕೆ ಟೈಪ್ ಮಾಡ್ತಿದೀನಿ. ಅಪ್ಪಾ ನೀವೇ ಓದಿ ಹೇಳ್ಬಿಡಿ, ಅಮ್ಮ ಕನ್ನಡಕ ಹುಡುಕೋದ್ರಲ್ಲೇ ಸಂಜೆ ಮಾಡ್ತಾಳೆ.

ದೊಡ್ಡಮ್ಮ ಕೇಳಿದ್ರಂತಲ್ಲ, ಪಿಎಚ್‌ಡಿ ಮುಗೀತು ಅಂದ್ರಿ, ಇನ್ನೂ ಓದ್ತಾನೇ ಇದಾಳಾ ಅಂತ. ಓದ್ತಿಲ್ಲ. ಪೋಸ್ಟ್‌ಡಾಕ್ ಅಂದ್ರೆ ಪಿಎಚ್‌ಡಿ ಆದ್ಮೇಲೆ ಮಾಡೋ ರಿಸರ್ಚ್ ಕೆಲಸಾನೇ, ಸಂಬಳ ಬರತ್ತೆ, ಟ್ಯಾಕ್ಸೂ ಹಿಡೀತಾರೆ, ಪರ್ಮನೆಂಟ್ ಮಾತ್ರ ಅಲ್ಲ. ಸಂಬಳ ಕೊಡೋದು ಯುನಿವರ್ಸಿಟಿ, ಇರೋದು ಜಿನೀವಾ ಪಕ್ಕದ ಸರ್ನ್ ಅನ್ನೋ ಕಣ ಭೌತಶಾಸ್ತ್ರದ ದೊಡ್ಡ ಲ್ಯಾಬಲ್ಲಿ, ಬಾಡಿಗೆ ಕಮ್ಮಿ ಅಂತ ಮನೆ ಮಾಡಿರೋದು ಫ್ರಾನ್ಸ್ ಕಡೆ. ಆಗಸ್ಟಿಗೆ ಕಾಂಟ್ರಾಕ್ಟ್ ಮುಗಿಯತ್ತೆ, ಮುಂದೇನು ಅಂದ್ರೆ ಗ್ರಾಂಟ್ ಬರಲಿ ನೋಡೋಣ ಅಂತಾರೆ. ಮೂವತ್ತೆರಡು ವಯಸ್ಸಿಗೆ "ನೋಡೋಣ" ಕೇಳಿಸ್ಕೊಳ್ಳೋದು ಕಷ್ಟ ಆಗತ್ತೆ, ಸುಳ್ಳು ಯಾಕೆ ಹೇಳ್ಲಿ.

ಅಮ್ಮಾ, ನೈಟ್ ಶಿಫ್ಟಲ್ಲಿ ಏನ್ ಮಾಡ್ತೀಯ ಅಂತ ಕೇಳ್ತಿರ್ತೀಯಲ್ಲ. ನೆಲದ ಕೆಳಗೆ ಸುಮಾರು 100 ಮೀಟರ್ ಆಳದಲ್ಲಿ 27 ಕಿಲೋಮೀಟರ್ ಸುತ್ತಳತೆಯ ಸುರಂಗ ಇದೆ, ಅದರಲ್ಲಿ ಪ್ರೋಟಾನ್ ಅನ್ನೋ ಸೂಕ್ಷ್ಮ ಕಣಗಳನ್ನ ಎದುರುಬದುರು ಓಡಿಸಿ ಗುದ್ದಿಸ್ತಾರೆ. ಗುದ್ದೋ ಜಾಗದಲ್ಲಿ ನಮ್ಮ ಸಿಎಂಎಸ್ ಡಿಟೆಕ್ಟರ್, ಅಂದ್ರೆ ಗುದ್ದಿದಾಗ ಚಿಮ್ಮೋ ಕಣಗಳ ಗುರುತು ಹಿಡಿಯೋ ಯಂತ್ರ, 14 ಸಾವಿರ ಟನ್. ಒಂದು ಸೆಕೆಂಡಿಗೆ ಹತ್ತತ್ರ 4 ಕೋಟಿ ಸಲ ಪ್ರೋಟಾನ್ ಗುಂಪುಗಳು ಎದುರಾಗತ್ವೆ, ಅಷ್ಟನ್ನೂ ತುಂಬಿಡೋಕೆ ಯಾವ ಕಂಪ್ಯೂಟರಿಗೂ ಆಗಲ್ಲ, ಹಾಗಾಗಿ ನೀನು ರಾಗಿ ಕೇರ್ತೀಯಲ್ಲ ಹಂಗೆ ಕೇರೋದು. ಮೊದಲನೇ ಮೊರ ಎಲೆಕ್ಟ್ರಾನಿಕ್ಸ್, ಅದರಲ್ಲಿ ಉಳಿಯೋದು 1 ಲಕ್ಷ, ಎರಡನೇದು ಕಂಪ್ಯೂಟರ್, ಅದಾದ್ಮೇಲೆ ಕೆಲವು ಸಾವಿರ. ತೂರಿಹೋಗಿದ್ದು ಹೋಯ್ತು, ವಾಪಸ್ ಸಿಗಲ್ಲ. ರಾತ್ರಿ 11ರಿಂದ ಬೆಳಿಗ್ಗೆ 7ರವರೆಗೆ ಸೆಸ್ಸಿ ಅನ್ನೋ ಹಳ್ಳಿಯ ಕಂಟ್ರೋಲ್ ರೂಮಲ್ಲಿ ಕೂತು ಆ ಮೊರ ಹರಿದಿಲ್ಲ ತಾನೇ ಅಂತ ನೋಡ್ತಿರ್ತೀನಿ, ಹೆಚ್ಚಿನ ರಾತ್ರಿ ಏನೂ ಆಗಲ್ಲ, ಸುಮ್ನೆ ಕಾಫಿ ಕುಡಿಯೋದು.

ಅಕ್ಟೋಬರಲ್ಲಿ ಮಾತ್ರ ಒಂದು ಆಯ್ತು. ನನ್ನ ಗ್ರಾಫಲ್ಲಿ ಒಂದು ಕಡೆ ಗುಂಡಿ ಬೀಳ್ತಿತ್ತು, ಅಲ್ಲಿ ಕಣಗಳೇ ಬರ್ತಿಲ್ವೇನೋ ಅನ್ನೋ ಥರ, ಮೂರು ವಾರ ವೋಲ್ಟೇಜ್ ನೋಡಿದ್ದೇನು ಗ್ಯಾಸ್ ನೋಡಿದ್ದೇನು, ಮೀಟಿಂಗಲ್ಲಿ ಸ್ಲೈಡ್ ಹಾಕಿ ಡಿಟೆಕ್ಟರ್ ಮೇಲೇ ತಪ್ಪು ಹೊರಿಸಿದೆ. ಕೊನೆಗೆ ಒಬ್ಬ ಪಿಎಚ್‌ಡಿ ಹುಡುಗ ನನ್ನ ಫೈಲ್ ನೋಡಿ, ಅಕ್ಕಾ ಈ ಎರಡು ಚಾನೆಲ್ ನಂಬರ್ ಅದಲುಬದಲಾಗಿದೆ ಅಲ್ವಾ ಅಂದ. ಚಾನೆಲ್ ಅಂದ್ರೆ ಡಿಟೆಕ್ಟರಿನಿಂದ ಸಿಗ್ನಲ್ ಬರೋ ಒಂದೊಂದು ದಾರಿ. ಬರೆದೋಳು ನಾನೇ. ಇನ್ನೊಂದು ಸ್ಲೈಡ್ ಹಾಕಿ ಎಲ್ಲರ ಮುಂದೆ ಒಪ್ಕೊಂಡೆ, ಯಾರೂ ನಗಲಿಲ್ಲ, ಅದೇ ಜಾಸ್ತಿ ನಾಚಿಕೆ ಆಗಿದ್ದು.

ಅಪ್ಪಾ, ನಮ್ಮ ರಿಸರ್ಚ್ ಪೇಪರಲ್ಲಿ ನನ್ನ ಹೆಸರು ಸಿಗ್ಲಿಲ್ಲ ಅಂದ್ರಲ್ಲ, ಸಾವಿರಾರು ಜನದ ಹೆಸರು ಒಟ್ಟಿಗೇ ಇರತ್ತೆ, ಕೆಲಸದ ಮೇಲೆ ಹಿಂದೆ ಮುಂದೆ ಹಾಕಲ್ಲ. ನಿಮ್ಮ ಬ್ಯಾಂಕ್ ಫ್ರೆಂಡ್ಸಿಗೆ ತೋರಿಸೋಕೆ ನಾನೇ ಗುರುತು ಹಾಕಿ ಕಳಿಸ್ತೀನಿ ಬಿಡಿ.

ಬರೀಬೇಕು ಅಂತ ಕೂತಿದ್ದು ಇದಕ್ಕೆ. ಚಳಿಗಾಲಕ್ಕೆ ಮೆಷಿನ್ ನಿಲ್ಸಿದಾರೆ, ಈಗ ಕೆಳಗೆ ಇಳಿಬಹುದು. ಹೆಲ್ಮೆಟ್ ಹಾಕಿ, ರೇಡಿಯೇಷನ್ ಅಳೆಯೋ ಬ್ಯಾಡ್ಜ್ ಎದೆಗೆ ಸಿಕ್ಕಿಸಿ, ಗೇಟಲ್ಲಿ ಕಣ್ಣು ಸ್ಕ್ಯಾನ್ ಮಾಡಿಸಿ ಹೋಗ್ಬೇಕು. ಕೆಲವು ಸಲ ಗೋಡೆಯಿಂದ ಒಂದೊಂದು ಕೀ ತಗೊಂಡು ಹೋಗೋದಿದೆ, ಆ ಕೀಗಳೆಲ್ಲಾ ವಾಪಸ್ ಅದರದರ ಜಾಗಕ್ಕೆ ಬರೋವರೆಗೂ ಮೆಷಿನ್ ಶುರುವಾಗಲ್ಲ. ಮೊದಲನೇ ಸಲ ಆ ಕೀ ಕೈಗೆ ಬಂದಾಗ ತಾತ ನೆನಪಾದ್ರು. ಗಣಿಗೆ ಇಳಿಯೋಕ್ ಮುಂಚೆ ನಂಬರ್ ಬಿಲ್ಲೆ ಕೊಡ್ತಿದ್ರು, ಬಿಲ್ಲೆ ವಾಪಸ್ ಬರ್ಲಿಲ್ಲ ಅಂದ್ರೆ ಮನುಷ್ಯ ಇನ್ನೂ ಕೆಳಗೇ ಇದಾನೆ ಅಂತ ಲೆಕ್ಕ ಅಂತ ಹೇಳ್ತಿದ್ರಲ್ಲ.

ಇಲ್ಲಿಯವರಿಗೆ ಕೆಜಿಎಫ್ ಅಂದ್ರೆ ಗೊತ್ತು, ಸಿನಿಮಾದಿಂದ ಅಲ್ಲ. 1965ರಲ್ಲಿ ಮುಂಬೈನ ನಮ್ಮ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನವರು ಜಪಾನ್, ಇಂಗ್ಲೆಂಡಿನವರ ಜೊತೆ ಸೇರಿ ಅಲ್ಲಿನ ಚಾಂಪಿಯನ್ ರೀಫ್ ಗಣಿಲಿ 2 ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಡಿಟೆಕ್ಟರ್ ಇಟ್ಟು, ವಾತಾವರಣದಲ್ಲಿ ಹುಟ್ಟೋ ನ್ಯೂಟ್ರಿನೊ ಅನ್ನೋ, ಸುಲಭವಾಗಿ ಕೈಗೆ ಸಿಗದ ಕಣಗಳ ಗುರುತು ಹಿಡಿದ್ರು, ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಲೂ ಸಿಕ್ತು. ನಾವು ಇಳಿಯೋ 100 ಮೀಟರ್ ಅದರ ಮುಂದೆ ಬಾವಿ ಇದ್ದಂಗೆ. ಕ್ಯಾಂಟೀನಲ್ಲಿ ವಯಸ್ಸಾದ ಪ್ರೊಫೆಸರ್ ಒಬ್ರಿಗೆ ನಮ್ಮ ತಾತ ಅದೇ ಗಣಿಲಿ ಸುರಂಗಕ್ಕೆ ಮರದ ಆಸರೆ ಕೊಡೋ ಟಿಂಬರ್ ಕೆಲಸದಲ್ಲಿದ್ರು ಅಂದೆ, ಅವರು ಊಟ ಬಿಟ್ಟು ಕೇಳಿದ್ದೇ ಕೇಳಿದ್ದು, ಕೆಳಗೆ ಸೆಖೆ ಎಷ್ಟಿತ್ತು, ಆ ವಿಜ್ಞಾನಿಗಳನ್ನ ನೋಡಿದ್ರಾ ಅಂತ. ನಂಗೆ ಒಂದೂ ಗೊತ್ತಿರ್ಲಿಲ್ಲ. ತಾತ ಇದ್ದಾಗ ಕೇಳ್ಲಿಲ್ಲ ನೋಡಿ.

ಅಪ್ಪಾ, ಅಟ್ಟದ ಮೇಲಿನ ಟ್ರಂಕಲ್ಲಿ ಅವರ ಒಂದು ಬಿಲ್ಲೆ ಇತ್ತು ಅಂತ ನೆನಪು. ಇದ್ರೆ ನಂಬರ್ ಕಾಣೋ ಥರ ಫೋಟೋ ತೆಗೆದು ವಾಟ್ಸಾಪ್ ಮಾಡಿ. ಉಜ್ಜಿ ತೊಳೀಬೇಡಿ.

ಅಮ್ಮಾ, ಹುರಿಹಿಟ್ಟು ಖಾಲಿ.

ನಿಮ್ಮ ಪುಟ್ಟಿ